ಟಾಕೀಸಕ್ಕನ ದನಿ

ಕಳೆದ ತಿಂಗಳು ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಊಟ ಮುಗಿಸಿ ಕೈ ತೊಳೆಯಲು ನಿಂತಿದ್ದೆ. ಬೇಸಿನ್ನಿನ ಮೇಲಿದ್ದ ಬಾಟಲಿಯನ್ನು ಒತ್ತಿದಾಗ ಹಸಿರು ಸೋಪು ಅಂಗೈಗೆ ಬಿತ್ತು. ನಿಂಬೆಯಂತೆ ಅನ್ನಿಸಿದರೂ ನಿಂಬೆಯಲ್ಲದ ಒಂದು ವಾಸನೆ. ಕೈಗಳು ತಾವಾಗಿಯೇ ಕೆಲಸ ಶುರುಮಾಡಿದವು. ಅಂಗೈ, ಕೈಯ ಹಿಂಬದಿ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಕೊನೆಗೆ ಮಣಿಕಟ್ಟು. ಹಿಂದೆ ನಿಂತಿದ್ದ ಹೆಂಗಸೊಬ್ಬರು ಸ್ವಲ್ಪ ಹೊತ್ತು ಕಾದು ನೋಡಿ, "ಬೇಗ ಮುಗ್ಸಿ ಮಾರಾಯ್ತಿ, ಆಪರೇಷನ್ ಮಾಡಕ್ಕೆ ಹೋಗ್ತಿದೀರೇನು?" ಎಂದರು. ನಕ್ಕು ಜಾಗ ಬಿಟ್ಟುಕೊಟ್ಟೆ. ಆದರೆ ಆ ವಾಸನೆ ಸಂಜೆಯವರೆಗೂ ಕೈಯಲ್ಲೇ ಇತ್ತು, ಅದರ ಜೊತೆಗೆ ಟಾಕೀಸಕ್ಕನೂ…

ಭದ್ರಾವತಿಯಲ್ಲಿ ನಾವಿದ್ದ ಬೀದಿಯಲ್ಲಿ ನಮ್ಮ ಎದುರುಮನೆ ಅವರದು. ಅವರ ನಿಜವಾದ ಹೆಸರು ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಹೇಳಲಾರೆ. ಮದುವೆಯಾಗಿ ಬಂದ ಹೊಸದರಿಂದ ಊರಿನ ಟಾಕೀಸೊಂದರಲ್ಲಿ ಹೆಂಗಸರ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದರಂತೆ. ಟಾಕೀಸು ಮುಚ್ಚುವವರೆಗೂ ಅಲ್ಲೇ ಇದ್ದರು. ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವರು ಟಾಕೀಸಕ್ಕ. ಕೈ ತೂರುವಷ್ಟೇ ಅಗಲದ ಕಂಡಿಯ ಹಿಂದೆ ಕೂತು, ಹೊರಗಿನ ನೂಕುನುಗ್ಗಲನ್ನೆಲ್ಲ ದನಿಯೊಂದರಿಂದಲೇ ಹತೋಟಿಯಲ್ಲಿಟ್ಟಿದ್ದವರು ಅವರು. "ಮುಖ ಯಾರಿಗ್ ಕಾಣ್ತಿತ್ತು? ಬರೀ ಕೈ ನೋಡೇ ಯಾರು ಅಂತ ಹೇಳ್ತಿದ್ದೆ" ಎನ್ನುತ್ತಿದ್ದರು. ಮನೆಮಾತು ತಮಿಳು. ಕನ್ನಡ ಮಾತ್ರ ಅಪ್ಪಟ ಭದ್ರಾವತಿಯದು. ಬೀದಿಯ ಆ ತುದಿಯಲ್ಲಿ ತರಕಾರಿ ಗಾಡಿ ನಿಂತರೆ ಈ ತುದಿಯಿಂದಲೇ ಬೆಲೆ ಕೇಳುವಷ್ಟು ದೊಡ್ಡ ಗಂಟಲು.

ನನಗೋ, ಆ ದಿನಗಳಲ್ಲಿ ಗಂಟಲೇ ಇರಲಿಲ್ಲ.

ಶಿವಮೊಗ್ಗದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ದಿನವೂ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂದೊಂದು ತರಗತಿಯಲ್ಲೂ ನೂರರ ಹತ್ತಿರ ಮಕ್ಕಳು, ಮೈಕಿಲ್ಲದ ದೊಡ್ಡ ಕೋಣೆಗಳು. ವರ್ಷಗಟ್ಟಲೆ ಕೂಗಿ ಪಾಠ ಮಾಡಿದ್ದರ ಫಲವಾಗಿ ಗಂಟಲಿನ ತಂತುಗಳ ಮೇಲೆ ಗಂಟುಗಳಾದವು. ಚಿಕಿತ್ಸೆಯಾಯಿತು, ವಾರಗಟ್ಟಲೆ ಮೌನವಾಯಿತು. ಮತ್ತೆ ಕಾಲೇಜಿಗೆ ಹೋದೆ, ಹದಿನೈದು ದಿನಕ್ಕೆ ದನಿ ಮತ್ತೆ ಬಿದ್ದುಹೋಯಿತು. ಡಾಕ್ಟರು ಸುತ್ತುಬಳಸದೆ ಹೇಳಿದರು: ಮೆಲ್ಲಗೆ ಮಾತಾಡಿಕೊಂಡಿರಬಹುದು, ಆದರೆ ಪಾಠ ಮಾಡುವ ದನಿ ಇನ್ನು ಬರುವುದಿಲ್ಲ. ಕಾಲೇಜಿನವರು ಆಫೀಸಿನಲ್ಲಿ ಹಾಜರಾತಿ ನೋಡಿಕೊಳ್ಳುವ ಕೆಲಸ ಕೊಟ್ಟರು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ನನ್ನ ಪಾಠವನ್ನು ಮಾಡುವುದನ್ನು ಕೇಳುತ್ತ ಕೂರುವುದು ನನ್ನಿಂದಾಗಲಿಲ್ಲ. ಬಿಟ್ಟು ಮನೆಗೆ ಬಂದೆ. ಆಗ ನನಗೆ ಮೂವತ್ತಾರು. ಪಾಠ ಮಾಡುವುದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ, ಬರಬೇಕೆಂದು ಎಂದೂ ಅನ್ನಿಸಿಯೂ ಇರಲಿಲ್ಲ.

ಅದೇ ಕಾಲಕ್ಕೆ ಟಾಕೀಸಕ್ಕನ ಮನೆಯಲ್ಲಿ ಬೇರೆಯದೇ ಒಂದು ಕಷ್ಟ ನಡೆದಿತ್ತು. ಅವರ ಯಜಮಾನರು ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಮೃದು ಮನುಷ್ಯ, ಹೆಂಡತಿ ನೂರು ಮಾತಾಡಿದರೆ ಅವರದು ಒಂದು. ಅವರ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಪ್ರತಿ ಸಲವೂ ನಡುವೆ ಬಿಪಿ ಬಿದ್ದು ಪ್ರಜ್ಞೆ ತಪ್ಪುತ್ತಿತ್ತು. ಕೊನೆಗೆ ಡಾಕ್ಟರು, ಇವರಿಗೆ ಯಂತ್ರ ಒಗ್ಗುವುದಿಲ್ಲ, ಮನೆಯಲ್ಲೇ ಮಾಡುವ ಹೊಟ್ಟೆಯ ಡಯಾಲಿಸಿಸ್ ಮಾಡೋಣ ಎಂದರು. ಹೊಟ್ಟೆಗೆ ಒಂದು ಮೆತ್ತನೆಯ ನಳಿಕೆ ಕೂರಿಸಿರುತ್ತಾರೆ. ಚೀಲದಲ್ಲಿ ಬರುವ ಔಷಧದ ನೀರನ್ನು ಅದರ ಮೂಲಕ ಒಳಗೆ ಬಿಡಬೇಕು. ಕೆಲವು ಗಂಟೆಗಳಲ್ಲಿ ಅದು ಮೈಯ ಕಲ್ಮಶವನ್ನು ಹೀರಿಕೊಳ್ಳುತ್ತದೆ. ಅದನ್ನು ಹೊರಗೆ ಹರಿಸಿ ಹೊಸ ನೀರು ತುಂಬಬೇಕು. ದಿನಕ್ಕೆ ಮೂರು ನಾಲ್ಕು ಸಲ ಇದೇ ಕೆಲಸ. ನಳಿಕೆಯ ತೆರೆದ ತುದಿಗೆ ಬೆರಳು ತಗುಲಿದರೂ ಹೊಟ್ಟೆಯೊಳಗೆ ಸೋಂಕಾಗಬಹುದು, ಅದು ಜೀವಕ್ಕೇ ಬರಬಹುದು.

ಅಂಕಲ್ಲಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದು ತುದಿ ಬುಡ ಕಾಣುತ್ತಿರಲಿಲ್ಲ. ಒಬ್ಬಳೇ ಮಗಳು ಶಿವಮೊಗ್ಗದಲ್ಲಿ ಕೈಗೂಸಿನ ತಾಯಿ. ಮಾಡಿದರೆ ಟಾಕೀಸಕ್ಕನೇ ಮಾಡಬೇಕು.

ಕಲಿಸಿಕೊಡುವ ದಿನ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಬಯಾಲಜಿ ಓದಿದವಳು, ಏನಾದರೂ ಬಿಟ್ಟುಹೋದರೆ ಹೇಳಿಕೊಡುತ್ತೇನೆ ಎಂಬ ಧೈರ್ಯ ಅವರಿಗೆ. ಅಲ್ಲಿನ ಸಿಸ್ಟರ್ ಒಳ್ಳೆಯ ಹೆಂಗಸು. ಆದರೆ ಹೊರಗೆ ರೋಗಿಗಳ ಸಾಲಿತ್ತು. ಒಳಗೆ ನೀರಿನ ಚೀಲವೂ ನಕಲಿ ನಳಿಕೆಯೂ ಇದ್ದ ಅಭ್ಯಾಸದ ಏಪ್ರನ್ ಕಟ್ಟಿಕೊಂಡು ಬೇಗ ಬೇಗ ಒಮ್ಮೆ ಮಾಡಿ ತೋರಿಸಿದರು, ಇಂಗ್ಲಿಷಿನ ಪುಸ್ತಿಕೆಯೊಂದನ್ನು ಕೊಟ್ಟರು, "ಈಗ ನೀವು ಮಾಡಿ ಅಮ್ಮ" ಎಂದರು. ಸಾವಿರ ಜನರ ಗಲಾಟೆಗೆ ಜಗ್ಗದಿದ್ದ ಟಾಕೀಸಕ್ಕ ಅಂದು ಗಾಬರಿಯಾದರು. ಮುಚ್ಚಳ ತೆಗೆದವರೇ ನಳಿಕೆಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಸಿಸ್ಟರ್ ಬೈಯಲಿಲ್ಲ. ಇನ್ನೆರಡು ವಾರ ಅಂಕಲ್ ಆಸ್ಪತ್ರೆಯಲ್ಲೇ ಇರಲಿ, ಅಷ್ಟರಲ್ಲಿ ಅಭ್ಯಾಸ ಮಾಡಿಕೊಂಡು ಬಂದು ತೋರಿಸಿ, ಆಗದಿದ್ದರೆ ಯಂತ್ರಕ್ಕೇ ವಾಪಸು ಹೋಗಬೇಕಾಗುತ್ತದೆ ಎಂದರು. ಆ ಏಪ್ರನ್ನನ್ನೂ ಅಭ್ಯಾಸಕ್ಕೆ ಕೆಲವು ಚೀಲಗಳನ್ನೂ ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಟಾಕೀಸಕ್ಕ ಏಪ್ರನ್ನನ್ನು ಮಡಿಲಲ್ಲಿಟ್ಟುಕೊಂಡು ಅದರ ನಳಿಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಇಳಿಯುವ ಹೊತ್ತಿಗೆ, "ನನ್ ಕೈಯಿಂದ ಎಡವಟ್ಟಾದ್ರೆ, ಹೋಗೋದು ಇವ್ರು. ಆಮೇಲೆ ನಾನು ಹೆಂಗೆ ಬದುಕಿರ್ಲಿ ಟೀಚರ್?" ಎಂದರು.

ಮರುದಿನ ಬೆಳಿಗ್ಗೆ ಅವರ ನಡುಮನೆಯಲ್ಲಿ ನನ್ನ ಪಾಠ ಶುರುವಾಯಿತು. ಬಹಳ ದಿನದ ಮೇಲೆ ಒಬ್ಬ ವಿದ್ಯಾರ್ಥಿನಿ ಸಿಕ್ಕಿದ್ದರು. ನನ್ನ ಮಗಳ ಬಿಳಿಯ ಹಲಗೆ ತಂದು ಹೊಟ್ಟೆಯ ಚಿತ್ರ ಬರೆದೆ. ಒಳಪೊರೆ ಹೇಗಿರುತ್ತದೆ, ನೀರು ಅದರ ಮೂಲಕ ಕಲ್ಮಶವನ್ನು ಹೇಗೆ ಎಳೆದುಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ಹೇಗೆ ಬೆಳೆಯುತ್ತವೆ ಎಂದು ಪಿಸುದನಿಯಲ್ಲೇ ವಿವರಿಸಿದೆ. ಅವರು ತದೇಕಚಿತ್ತದಿಂದ ಕೇಳಿದರು, ತಲೆಯಾಡಿಸಿದರು. ಮುಗಿಸಿ, ಈಗ ಮಾಡಿ ತೋರಿಸಿ ಎಂದೆ. ಏಪ್ರನ್ ಕಟ್ಟಿಕೊಂಡು ಚೀಲ ಕೈಗೆತ್ತಿಕೊಂಡವರು ಹಾಗೇ ನಿಂತರು. ಮೊದಲು ಏನು ಮಾಡಬೇಕೆಂದೇ ತೋಚಲಿಲ್ಲ. ನಾನು ಚೆನ್ನಾಗಿ ಹೇಳಿದ್ದೆ, ಅವರು ಚೆನ್ನಾಗಿ ಕೇಳಿದ್ದರು. ಅಷ್ಟಾದರೂ ಅವರು ಕಲಿತದ್ದು ಏನೂ ಇರಲಿಲ್ಲ.

"ನೀನ್ ಹೇಳಿದ್ದೆಲ್ಲ ಚೆನ್ನಾಗಿದೆ ಮಾರಾಯ್ತಿ" ಎಂದರು ಚೀಲವನ್ನು ಕೆಳಗಿಟ್ಟು. "ಹೊಟ್ಟೆ ಒಳ್ಗೆ ಏನಾಗುತ್ತೆ ಅಂತ ಡಾಕ್ಟ್ರು ನೋಡ್ಕೊಳ್ಲಿ. ನನ್ ಕೈ ಎಲ್ಲಿ ಇರ್ಬೇಕು, ಅದ್ ಹೇಳು."

ಆ ಹಗಲು ನಾನು ಮನೆಗೆ ಬಂದು ಯೋಚಿಸಿದೆ. ಕಾಲೇಜಿನಲ್ಲಿ ಅಷ್ಟು ವರ್ಷ ನಾನು ಏನು ಹೇಳಬೇಕು ಎಂದು ತಯಾರಿ ಮಾಡಿಕೊಂಡು ಹೋಗುತ್ತಿದ್ದೆ. ಕೇಳಿಸಿಕೊಂಡವರು ಅದರಿಂದ ಏನು ಮಾಡಬೇಕು ಎಂದು ತಯಾರಿ ಮಾಡಿದ್ದು ಕಡಿಮೆ. ಪರೀಕ್ಷೆಯಲ್ಲಿ ಬರೆದರೆ ಮುಗಿಯುತ್ತಿತ್ತು. ಇಲ್ಲಿ ಬರೆಯುವುದೇನೂ ಇರಲಿಲ್ಲ.

ಮಾರನೇ ದಿನ ಆಸ್ಪತ್ರೆಗೆ ಹೋಗಿ ಸಿಸ್ಟರನ್ನು ಕೇಳಿಕೊಂಡು, ಅವರು ಅಂಕಲ್ಲಿಗೆ ಮಾಡುವಾಗ ಅವರ ಕೈಗಳನ್ನಷ್ಟೇ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬಂದೆ. ಆಮೇಲೆ ಪಾಠ ಮಾಡುವುದನ್ನು ಬಿಟ್ಟು, ಟಾಕೀಸಕ್ಕ ಮಾಡುವುದನ್ನು ನೋಡುತ್ತ ಕೂತೆ. ತಪ್ಪುಗಳು ನಾನು ಅಂದುಕೊಂಡ ಕಡೆ ಇರಲಿಲ್ಲ. ಕೈ ಚೆನ್ನಾಗಿಯೇ ತೊಳೆಯುತ್ತಿದ್ದರು, ತೊಳೆದ ಮೇಲೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಕನ್ನಡಕ ಜಾರಿದರೆ ಬೆರಳಿನಿಂದ ಮೇಲೆ ತಳ್ಳುತ್ತಿದ್ದರು. ಫೋನು ಹೊಡೆದುಕೊಂಡರೆ ಎತ್ತುತ್ತಿದ್ದರು. ಇದು ಯಾವುದೂ ಪುಸ್ತಿಕೆಯಲ್ಲಿರಲಿಲ್ಲ. ಹಾಗಾಗಿ ನಮ್ಮ ಕ್ರಮವನ್ನು ಕೈ ತೊಳೆಯುವುದಕ್ಕಿಂತ ಹಿಂದಿನಿಂದಲೇ ಶುರುಮಾಡಿದೆವು. ಮೊದಲು ಸೆರಗಿಗೆ ಪಿನ್ನು, ಕನ್ನಡಕಕ್ಕೆ ದಾರ, ಫೋನು ಆಚೆ ಕೋಣೆಗೆ. ಆಮೇಲೆ ಕಿಟಕಿ, ಬಾಗಿಲು, ಫ್ಯಾನು, ಮಾಸ್ಕು. ಆಮೇಲೆ ಒಳಗಿನ ನಲ್ಲಿಯ ಹತ್ತಿರ, ಆಸ್ಪತ್ರೆಯವರು ಕೊಟ್ಟಿದ್ದ ಆ ಹಸಿರು ಸೋಪು.

ಒಂದು ಜಾಗದಲ್ಲಿ ಮಾತ್ರ ಮತ್ತೆ ಮತ್ತೆ ಎಡವುತ್ತಿದ್ದರು. ಹಳೆಯ ನೀರು ಪೂರ್ತಿ ಹೊರಬರುವ ಮೊದಲೇ ಹೊಸ ಚೀಲದ ಕ್ಲಿಪ್ಪು ತೆಗೆಯಲು ಹೋಗುತ್ತಿದ್ದರು. ಎಷ್ಟು ಹೇಳಿದರೂ ಕೈ ಅವಸರ ಮಾಡುತ್ತಿತ್ತು. ಒಂದು ದಿನ ಬೇಸತ್ತು, "ಅಕ್ಕ, ಮ್ಯಾಟಿನಿ ಜನ ಹೊರಗೆ ಬರೋ ಮುಂಚೆ ಫಸ್ಟ್ ಶೋ ಜನರನ್ನ ಒಳಗೆ ಬಿಡ್ತಿದ್ರಾ ನೀವು?" ಎಂದು ಕೇಳಿದೆ. ಅವರು ಕ್ಲಿಪ್ಪಿನಿಂದ ಕೈ ತೆಗೆದರು. "ಹೊಡೆದಾಟ ಆಗೋಗ್ತಿತ್ತು ಅಷ್ಟೇ" ಎಂದರು. ಅಲ್ಲಿಂದ ಮುಂದೆ ಆ ತಪ್ಪು ಆಗಲಿಲ್ಲ. ಚೀಲಕ್ಕೆ ನೀರು ಹರಿದುಬರುವಾಗ, "ಬರ್ಲಿ, ಬರ್ಲಿ, ಎಲ್ಲಾರೂ ಬರ್ಲಿ" ಎನ್ನುತ್ತ ತಾಳ್ಮೆಯಿಂದ ಕೂರುತ್ತಿದ್ದರು.

ತೋರಿಸಬೇಕಾದ ದಿನ ಬಂತು. ನಾನು ಬಾಗಿಲ ಬಳಿ ನಿಂತಿದ್ದೆ. ಈ ಸಲ ಏಪ್ರನ್ ಅಲ್ಲ, ಎದುರಿಗಿದ್ದದ್ದು ಅಂಕಲ್. ಟಾಕೀಸಕ್ಕ ಪಿನ್ನು ಹಾಕಿದರು, ಕಿಟಕಿ ಮುಚ್ಚಿದರು, ಕೈ ತೊಳೆದರು. ಮುಚ್ಚಳ ತೆಗೆಯುವ ಹೊತ್ತಿಗೆ ಸಿಸ್ಟರ್ ಏನೋ ಹೇಳಲು ಮುಂದೆ ಬಾಗಿದರು. ಅವರ ಮಾಸ್ಕು ಗಲ್ಲದ ಕೆಳಗಿತ್ತು. "ಸಿಸ್ಟರ್, ಮೊದ್ಲು ಮಾಸ್ಕ್ ಮೇಲೆ ಮಾಡ್ಕೊಳಿ. ಆಮೇಲ್ ಮಾತಾಡಿ" ಎಂದಿತು ಹಳೆಯ ಕೌಂಟರಿನ ದನಿ. ಸಿಸ್ಟರ್ ಮಾಸ್ಕು ಏರಿಸಿಕೊಂಡು ಕಣ್ಣಲ್ಲೇ ನಕ್ಕರು. ಎಲ್ಲ ಮುಗಿದು, ಹೊಸ ಮುಚ್ಚಳ ಬಿಗಿದ ಮೇಲೆ ಟಾಕೀಸಕ್ಕ ಅಂಕಲ್ ಭುಜದ ಮೇಲೆ ಕೈಯಿಟ್ಟರು. ಅಂಕಲ್, "ಮನೇಗ್ ಹೋಗೋಣ್ವಾ?" ಎಂದರು. ಅಷ್ಟೇ.

ಹೊರಡುವಾಗ ಸಿಸ್ಟರ್ ನನ್ನನ್ನು ಕರೆದು, ಇದನ್ನೇ ಬೇರೆ ಮನೆಯವರಿಗೂ ಆಗುವಂತೆ ಒಂದು ವಿಡಿಯೋ ಮಾಡಿಕೊಡುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ಕೈಗಳ ಚಿತ್ರ ಸುಲಭವಾಯಿತು, ದನಿಯದೇ ಕಷ್ಟ. ನನ್ನ ಗಂಟಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ರೋಗಿಯೇ ಮಾತಾಡಿದಂತಿತ್ತು. ಟಾಕೀಸಕ್ಕನನ್ನೇ ಕೂರಿಸಿದೆ. ನಾನು ಬರೆದುಕೊಟ್ಟಿದ್ದರಲ್ಲಿ ಒಂದು ಸಾಲು, "ತದನಂತರ ಹಸ್ತಗಳನ್ನು ಶುಚಿಗೊಳಿಸಿಕೊಳ್ಳತಕ್ಕದ್ದು" ಎಂದಿತ್ತು. ಓದಿ ನಿಲ್ಲಿಸಿ, "ಇದು ಯಾರ್ ಮಾತು?" ಎಂದರು. ಕಾಗದ ಪಕ್ಕಕ್ಕಿಟ್ಟು, ಎದುರಿಗೆ ಯಾರೋ ಹೆದರಿದ ಹೆಂಗಸು ಕೂತಿದ್ದಾಳೆ ಎಂದುಕೊಂಡು ಹೇಳಿ ಎಂದೆ. ಹೇಳಿದರು. "ಮೊದ್ಲು ಬಾಗ್ಲು ಹಾಕಿ. ಫ್ಯಾನ್ ಆಫ್ ಮಾಡಿ. ಸೆರಗಿಗೆ ಪಿನ್ ಹಾಕಿದ್ರಾ? ಹಾಕಿ, ನಾನ್ ಕಾಯ್ತೀನಿ." ಆ "ಕಾಯ್ತೀನಿ" ಎಂಬ ಮಾತು ಯಾವ ಪುಸ್ತಕದಲ್ಲಿ ಸಿಗುತ್ತಿತ್ತು?

ಆ ವಿಡಿಯೋ ಆಸ್ಪತ್ರೆಯಿಂದ ಹಲವು ಮನೆಗಳಿಗೆ ಹೋಯಿತು. ಡಾಕ್ಟರಿಗೆ ಹಿಡಿಸಿ, ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ತರಬೇತಿ ಕೊಡುವ ಒಂದು ಸಂಸ್ಥೆಗೆ ಕಳಿಸಿದರಂತೆ. ಒಂದು ದಿನ ಅಲ್ಲಿಂದ ಫೋನು. "ನೀವು ಇನ್‌ಸ್ಟ್ರಕ್ಷನಲ್ ಡಿಸೈನರಾ?" ಎಂದು ಕೇಳಿದರು. ನಾನು ಆ ಪದ ಕೇಳಿದ್ದು ಅದೇ ಮೊದಲು. ಅಲ್ಲ, ನಾನು ಮೊದಲು ಉಪನ್ಯಾಸಕಿಯಾಗಿದ್ದೆ ಎಂದೆ. ಫೋನಿಟ್ಟ ಮೇಲೆ ಹುಡುಕಿ ಓದಿದೆ. ಕಲಿಯುವವರು ಯಾರು, ಅವರು ಏನು ಮಾಡುವಂತಾಗಬೇಕು, ಎಲ್ಲಿ ಎಡವುತ್ತಾರೆ ಎಂದು ನೋಡಿ ಪಾಠವನ್ನು ರೂಪಿಸುವ ಕೆಲಸ. ನಡುಮನೆಯಲ್ಲಿ ಅಷ್ಟು ದಿನ ನಾವಿಬ್ಬರೂ ಮಾಡಿದ್ದಕ್ಕೆ ಒಂದು ಹೆಸರಿತ್ತು, ಅದನ್ನೇ ಉದ್ಯೋಗ ಮಾಡಿಕೊಂಡವರೂ ಇದ್ದರು. ಆ ಸಂಜೆ ನನಗಾದ ಸಂತೋಷವನ್ನು ಯಾರಿಗೆ ಹೇಳುವುದೆಂದು ತಿಳಿಯದೆ ರಸ್ತೆ ದಾಟಿ ಅವರಿಗೇ ಹೇಳಿದೆ.

ಮುಂದಿನದೇನೂ ಹೂವಿನ ಹಾದಿಯಾಗಿರಲಿಲ್ಲ. ಮಗಳನ್ನು ಶಾಲೆಗೆ ಕಳಿಸಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆನ್‌ಲೈನಿನಲ್ಲಿ ಅದರ ಕೋರ್ಸು ಮಾಡಿದೆ. ನನಗಿಂತ ಹನ್ನೆರಡು ಹದಿಮೂರು ವರ್ಷ ಚಿಕ್ಕವರ ಜೊತೆ ಹೊಸ ಸಾಫ್ಟ್‌ವೇರುಗಳನ್ನು ಕಲಿತೆ. ಎರಡು ಕಂಪನಿಗಳು ಬೇಡ ಎಂದವು. ಒಂದರವರು, ನಿಮ್ಮ ಮಾದರಿ ಪಾಠದಲ್ಲಿ ವಿವರಣೆ ಹೆಚ್ಚಾಯಿತು, ಇನ್ನೂ ತರಗತಿಯಲ್ಲೇ ಇದ್ದೀರಿ ಎಂದು ಬರೆದಿದ್ದರು. ಓದಿ ಅಳು ಬಂತು, ಆಮೇಲೆ ಮತ್ತೊಮ್ಮೆ ಓದಿದಾಗ ನಿಜವೆನ್ನಿಸಿತು. ನನ್ನ ಗಂಡ ನಾನು ಮಾಡುವುದಕ್ಕೆ ಅಡ್ಡಿ ಬಂದವರಲ್ಲ, ಆದರೆ ಅವರಿಗೂ ಗೊಂದಲವಿತ್ತು. ಒಂದು ದಿನ ಟಾಕೀಸಕ್ಕನ ಎದುರೇ, "ಲೆಕ್ಚರರ್ ಅಂದ್ರೆ ಒಂದ್ ಮಾತಲ್ಲಿ ಮುಗೀತಿತ್ತು. ಇದನ್ನ ಜನಕ್ಕೆ ಏನಂತ ಹೇಳ್ಲಿ?" ಎಂದರು.

"ಅಳತೆ ತಗೊಂಡು ಪಾಠ ಹೊಲೀತಾಳೆ ಅನ್ನಪ್ಪ" ಎಂದರು ಟಾಕೀಸಕ್ಕ. ಇವತ್ತಿಗೂ ಯಾರಾದರೂ ಕೇಳಿದರೆ ನನ್ನ ಗಂಡ ಹೇಳುವುದು ಅದನ್ನೇ.

ಆ ತರಬೇತಿ ಸಂಸ್ಥೆಯವರು ಪರೀಕ್ಷೆಗೆಂದು ಒಂದು ಪಾಠ ಕೊಟ್ಟರು. ಹಾಸಿಗೆ ಹಿಡಿದವರನ್ನು ನೋವಾಗದಂತೆ ಮಗ್ಗುಲಿಗೆ ಹೊರಳಿಸುವುದು ಹೇಗೆ ಎಂಬುದನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಲಿಸಬೇಕು. ಬರೆದ ಪಾಠ ಹಿಡಿದು ಎದುರುಮನೆಗೆ ಹೋದೆ. ಅಂಕಲ್ಲನ್ನು ಮಂಚದ ಮೇಲೆ ಮಲಗಿಸಿ, ಪಾಠದಲ್ಲಿ ಇದ್ದಷ್ಟನ್ನೇ ಮಾಡಿ ಎಂದು ಟಾಕೀಸಕ್ಕನಿಗೆ ಹೇಳಿದೆ. ಮೊದಲ ಸಲ ಅಂಕಲ್ ಗೋಡೆಗೆ ಹೋಗಿ ಅಂಟಿಕೊಂಡರು. ಎರಡನೆಯ ಸಲ ಅವರ ಕೈ ಮೈಕೆಳಗೆ ಸಿಕ್ಕಿಕೊಂಡಿತು. ನಾನು ಪ್ರತಿ ಸಲ ಪಾಠ ತಿದ್ದುವುದು, ಅವರು ಮತ್ತೆ ಹೊರಳಿಸುವುದು. ಮಧ್ಯಾಹ್ನವಾಗುವಷ್ಟರಲ್ಲಿ ಅಂಕಲ್, "ಟೀಚರ್, ನಿಮ್ ಕೆಲಸ ಸಿಗೋಷ್ಟ್ರಲ್ಲಿ ನಾನು ನಿಜವಾಗ್ಲೂ ಹಾಸಿಗೆ ಹಿಡೀತೀನಿ" ಎಂದರು. ಅವರ ಬಾಯಲ್ಲಿ ಅಷ್ಟುದ್ದದ ಮಾತು ಕೇಳಿ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಪಾಠ ಒಪ್ಪಿಗೆಯಾಯಿತು. ನನಗೆ ಕೆಲಸ ಸಿಕ್ಕಿತು.

ಅಲ್ಲಿಂದ ಮುಂದೆ ನನ್ನ ಪ್ರತಿ ಪಾಠಕ್ಕೂ ಮೊದಲ ವಿದ್ಯಾರ್ಥಿನಿ ಅವರೇ. ಆಶಾ ಕಾರ್ಯಕರ್ತೆಯರಿಗೆ ಎಳೆಗೂಸಿನ ತೂಕದ ಪಾಠ, ಅಡಿಕೆ ಸುಲಿಯುವ ಯಂತ್ರದಲ್ಲಿ ಬೆರಳು ಉಳಿಸಿಕೊಳ್ಳುವ ಪಾಠ, ಮಂಟಪಗಳ ಅಡುಗೆಯವರಿಗೆ ಬೆಂಕಿ ಆರಿಸುವ ಪಾಠ. ಎಲ್ಲವನ್ನೂ ಅವರು ಅದೇ ಗಂಭೀರತೆಯಿಂದ ನೋಡುತ್ತಿದ್ದರು. ಒಮ್ಮೆ ನಾನು ಬಹಳ ಮೆಚ್ಚಿಕೊಂಡು ಮಾಡಿದ್ದ ಪಾಠವೊಂದರ ನಡುವೆ ಗೊರಕೆ ಕೇಳಿಸಿತು. ಎಬ್ಬಿಸಿದರೆ, "ನಿದ್ದೆ ಬಂದಿದ್ದು ನನ್ ತಪ್ಪಲ್ಲ ಮಾರಾಯ್ತಿ. ಎಲ್ಲಿ ಬಂತು ನೋಡ್ಕೋ" ಎಂದು ಪರದೆಯತ್ತ ಬೆರಳು ತೋರಿಸಿದರು. ನೋಡಿಕೊಂಡೆ. ಆ ಭಾಗವನ್ನು ಕಿತ್ತುಹಾಕಿದೆ. ಪಾಠ ಚೆನ್ನಾಯಿತು.

ಎರಡು ವರ್ಷ ಹೀಗೇ ನಡೆದ ಮೇಲೆ ಅವರಿಗೆ ಒಂದು ಆಸೆ ಹುಟ್ಟಿತು. ಸೇಲಂನಲ್ಲಿ ತಂಗಿಯ ಮಗಳ ಮದುವೆ. ನಾಲ್ಕು ದಿನ ಹೋಗಬೇಕು. ಅಷ್ಟರಲ್ಲಿ ಅಂಕಲ್ ಕಣ್ಣಿನ ಆಪರೇಷನ್ ಆಗಿ ಚೆನ್ನಾಗಿ ಕಾಣುತ್ತಿತ್ತು. "ನಿಮ್ದು ನೀವೇ ಮಾಡ್ಕೊಳ್ಳೋದು ಕಲೀರಿ" ಎಂದರು ಹೆಂಡತಿ. ಅಂಕಲ್ ಒಲ್ಲೆ ಎಂದರು. ಟಾಕೀಸಕ್ಕ ವಾದ ಮಾಡಲಿಲ್ಲ. ವಿಡಿಯೋ ಹಾಕಿಕೊಟ್ಟು, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದು ನಮ್ಮ ಮನೆಯ ಜಗುಲಿಯಲ್ಲಿ ಕೂತರು. ಎರಡು ವಾರದಲ್ಲಿ ಅಂಕಲ್ ಕಲಿತರು, ಸಿಸ್ಟರ್ ಬಂದು ನೋಡಿ ಸರಿಯಿದೆ ಎಂದರು. ಟಾಕೀಸಕ್ಕ ರೇಷ್ಮೆ ಸೀರೆಯುಟ್ಟು ಸೇಲಂಗೆ ಹೋದರು. ಅಂಥ ಸಂಭ್ರಮದಲ್ಲಿ ಅವರನ್ನು ನಾನು ಮತ್ತೆಂದೂ ನೋಡಲಿಲ್ಲ.

ನನ್ನ ಕೆಲಸ ಬೆಳೆಯಿತು. ಮಗಳ ಓದು, ಗಂಡನ ವರ್ಗಾವಣೆ ಎಲ್ಲ ಕೂಡಿ ನಾವು ಶಿವಮೊಗ್ಗಕ್ಕೆ ಬಂದೆವು. ಆದರೂ ತಿಂಗಳಿಗೊಮ್ಮೆಯಾದರೂ ಹೊಸ ಪಾಠವನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ಭದ್ರಾವತಿಯ ಬಸ್ಸು ಹತ್ತುತ್ತಿದ್ದೆ. ಹಾಗೆ ಹೋಗಬೇಕೆಂದುಕೊಂಡಿದ್ದ ಒಂದು ವಾರದ ನಡುವೆ ಅವರ ಮಗಳ ಫೋನು ಬಂತು. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತ ಟಾಕೀಸಕ್ಕ, ಆಸ್ಪತ್ರೆ ತಲುಪುವ ಮೊದಲೇ…

ನಾನು ಹೋಗುವಷ್ಟರಲ್ಲಿ ಬೀದಿಯೆಲ್ಲ ಅಲ್ಲಿ ನೆರೆದಿತ್ತು. ಮರುದಿನ ಅಂತ್ಯಕ್ರಿಯೆಯೆಲ್ಲ ಮುಗಿದು ನೆಂಟರು ನಡುಮನೆಯಲ್ಲಿ ಕೂತಿದ್ದರು. ಅಂಕಲ್ ಮೂಲೆಯ ಕುರ್ಚಿಯಲ್ಲಿದ್ದರು. ಅವರ ನೀರು ಬದಲಿಸುವ ಹೊತ್ತು ಮೀರಿದ್ದು ನನಗೆ ಹೊಳೆದು, ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಎದ್ದರು. ಸಹಾಯಕ್ಕೆ ಎದ್ದ ಮಗಳನ್ನು ಕೈಸನ್ನೆಯಲ್ಲೇ ತಡೆದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಭ್ಯಾಸವಾಗಿದ್ದ ಕೆಲಸ, ವಿಡಿಯೋ ಬೇಕಿರಲಿಲ್ಲ. ಆದರೂ ಹಾಕಿದರು. ಮುಚ್ಚಿದ ಬಾಗಿಲ ಆಚೆಯಿಂದ ಆ ದೊಡ್ಡ ದನಿ ನಡುಮನೆಗೆ ಬಂತು. "ಮೊದ್ಲು ಬಾಗ್ಲು ಹಾಕಿ. ಫ್ಯಾನ್ ಆಫ್ ಮಾಡಿ." ಕೂತಿದ್ದವರೆಲ್ಲ ಮಾತು ನಿಲ್ಲಿಸಿದರು. ಸೇಲಂನಿಂದ ಬಂದಿದ್ದ ತಂಗಿ ಸೆರಗು ಬಾಯಿಗಿಟ್ಟುಕೊಂಡರು. ಅರ್ಧ ಗಂಟೆ ಆ ಮನೆಯಲ್ಲಿ ಮಾತಾಡಿದವರು ಅವರೊಬ್ಬರೇ.

ಅಂಕಲ್ ಈಗ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಮೈ ಇಳಿದಿದೆ, ಆದರೆ ಬೆಳಿಗ್ಗೆ ಸ್ವಲ್ಪ ನಡೆಯುತ್ತಾರೆ, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಾರೆ. ದಿನದ ಪ್ರತಿ ಸಲವೂ ಆ ವಿಡಿಯೋ ಹಾಕಿಕೊಂಡೇ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ ಎಂದು ಮಗಳು ಹೇಳಿದ್ದಳು.

ಈ ವರ್ಷ ಆಸ್ಪತ್ರೆಯವರು ಚೀಲದ ಕಡೆಯ ನಳಿಕೆಯಲ್ಲಿ ಹೊಸ ಬಗೆಯದನ್ನು ತರಿಸಿದರು. ಚೀಲವನ್ನು ಸೇರಿಸುವ ರೀತಿ ಬದಲಾಯಿತು. ಹಳೆಯ ಪಾಠದಂತೆ ಮಾಡಿದರೆ ಈಗ ತಪ್ಪಾಗುತ್ತದೆ. ಹೊಸದನ್ನು ನಾನೇ ಮಾಡಿದೆ. ಸಿಸ್ಟರ್ ದನಿ ಕೊಟ್ಟರು. ಹಳೆಯದನ್ನು ಎಲ್ಲ ಕಡೆಯಿಂದ ತೆಗೆಸುವ ಕೆಲಸವೂ ನನ್ನದೇ ಆಯಿತು. ಎಷ್ಟೋ ಪಾಠಗಳನ್ನು ಹೀಗೆ ತೆಗೆಸಿದ್ದೇನೆ, ಅದು ನನ್ನ ಉದ್ಯೋಗದ ಭಾಗ. ಇದೊಂದಕ್ಕೆ ಮಾತ್ರ ಕೈ ಬರಲಿಲ್ಲ. ಎರಡು ದಿನ ತಡಮಾಡಿದೆ. ಮೂರನೆಯ ದಿನ ತೆಗೆಸಿದೆ. ಅವರಿದ್ದಿದ್ದರೆ, ತಪ್ಪು ಪಾಠವನ್ನು ಒಂದು ಗಂಟೆಯೂ ಇರಲು ಬಿಡುತ್ತಿರಲಿಲ್ಲ.

ಅಂಕಲ್ಲಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಅದು. ಕಳೆದ ಭಾನುವಾರ ಹೊಸ ನಳಿಕೆಯ ಡಬ್ಬಿ ತೆಗೆದುಕೊಂಡು ನಾನೇ ಹೋದೆ. ಹೇಗೆ ಬೇರೆಯಾಗಿದೆ ಎಂದು ತೋರಿಸಿದೆ. ಅವರು ಗಮನವಿಟ್ಟು ನೋಡಿದರು, ಕೈಗೆ ತೆಗೆದುಕೊಂಡು ತಿರುಗಿಸಿದರು.

"ಅವಳು ಹೇಳಿದ್ದು ಹಾಕ್ಕೊಂಡು ಇದನ್ನ ಮಾಡಿದ್ರೆ ತಪ್ಪಾಗುತ್ತೆ, ಅಲ್ವಾ ಟೀಚರ್?"

"ಹೌದು ಅಂಕಲ್. ಒಂದು ಕಡೆ ತಪ್ಪಾಗುತ್ತೆ."

ಮೇಜಿನ ಮೇಲಿದ್ದ ಫೋನನ್ನು ಸ್ವಲ್ಪ ಆಚೆ ಸರಿಸಿದರು. ನನಗೆ ಏನಾದರೂ ಹೇಳಬೇಕೆನ್ನಿಸಿತು. ಆದರೆ ಈ ಕೆಲಸದಲ್ಲಿ ನಾನು ಕಲಿತದ್ದೇ ಬಾಯಿ ಮುಚ್ಚಿಕೊಂಡು ಕಾಯುವುದನ್ನು.

"ಹಾಗಾದ್ರೆ ಕೆಲಸದ ಹೊತ್ತಲ್ಲಿ ಬೇಡ" ಎಂದರು ಕೊನೆಗೆ. "ಕಾಫಿ ಕುಡಿಯೋವಾಗ ಕೇಳ್ತೀನಿ ಬಿಡಿ. ಈಗ ಹೊಸದು ತೋರ್ಸಿ."

ಎದ್ದು ಅವರೇ ಕಿಟಕಿ ಮುಚ್ಚಿದರು, ಫ್ಯಾನು ಆರಿಸಿದರು, ಕೈ ತೊಳೆಯಲು ಹೋದರು. ಹೊಸ ನಳಿಕೆ ಕೂರಿಸುವಾಗ ಮೊದಲ ಸಲ ಸ್ವಲ್ಪ ತಡವರಿಸಿದರು, ಎರಡನೆಯ ಸಲಕ್ಕೆ ಸರಿಯಾಗಿ ಕೂತಿತು. ಮುಗಿಸಿಕೊಂಡು ನಾನು ಹೊರಟು ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮಗಳು ಅಪ್ಪನಿಗೆ ಅರ್ಧ ಲೋಟ ಕಾಫಿ ತಂದಿಟ್ಟಳು. ಒಳಗಿನಿಂದ ಟಾಕೀಸಕ್ಕ ಯಾರಿಗೋ, ಅವಸರ ಬೇಡ, ನಾನ್ ಕಾಯ್ತೀನಿ ಎನ್ನುತ್ತಿದ್ದರು.